ನಾಲಿಗೆಯ ಎಡ ಅಂಚು

ನಾಲಿಗೆಗೆ ಮಣಿ ಚುಚ್ಚಿಸಿಕೊಂಡ ದಿನದ ಬಗ್ಗೆ ನನ್ನ ಡೈರಿಯಲ್ಲಿ ಒಂದು ಅಕ್ಷರವೂ ಇಲ್ಲ. ಆ ದಿನದ ಪುಟದಲ್ಲಿ ಇರುವುದು ಇಷ್ಟು: "ಬಿಸಿಲು ಬಹಳ. ಎರಡು ಬೆಡ್‌ಶೀಟ್ ಒಗೆದೆ. ಮುಕ್ಕಾಲು ಗಂಟೆಗೇ ಒಣಗಿದವು." ದಿನ ಅದೇ ಎಂದು ಗೊತ್ತಾದದ್ದು ಹಾಸ್ಟೆಲಿನ ಗೆಳತಿ ಫೋನಿನಲ್ಲಿ ತೆಗೆದ ಒಂದು ಫೋಟೊದಿಂದ. ಅದರಲ್ಲಿ ನಾನು ನಾಲಿಗೆ ಹೊರಚಾಚಿ ಕೂತಿದ್ದೇನೆ. ನಾಲಿಗೆಯ ನಡುವೆ ಮೆಣಸಿನ ಕಾಳಿನಷ್ಟು ದಪ್ಪದ ಸ್ಟೀಲಿನ ಮಣಿ ಇದೆ. ಕಣ್ಣಲ್ಲಿ ನೀರಿದೆ. ಅತ್ತ ನೆನಪು ನನಗಿಲ್ಲ.

ಶಾಲೆಯ ದಿನಗಳಿಂದ ಡೈರಿ ಬರೆಯುವವಳು ಅಂಥ ದಿನ ಬೆಡ್‌ಶೀಟಿನ ಬಗ್ಗೆ ಯಾಕೆ ಬರೆದೆ? ಯಾರಾದರೂ ಓದಿಬಿಟ್ಟಾರು ಎಂದು ಹೆದರಿದೆನೇ? ಹಾಸ್ಟೆಲಿನಲ್ಲಿ ನನ್ನ ಡೈರಿ ಓದುವಷ್ಟು ಬಿಡುವಿದ್ದವರು ಯಾರೂ ಇರಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿರುವುದರಲ್ಲಿ ಡೈರಿಯಿಂದ ಬಂದದ್ದು ಸ್ವಲ್ಪ, ಉಳಿದದ್ದು ನೆನಪು. ನೆನಪು ಹೇಳಿದ್ದನ್ನು ಮನೆಯವರ ಮಾತಿನ ಪಕ್ಕದಲ್ಲಿಟ್ಟು ನೋಡಿದ್ದೇನೆ. ಎರಡೂ ಹೊಂದದ ಕಡೆ ಹೊಂದುವುದಿಲ್ಲ ಎಂದೇ ಬರೆಯುತ್ತೇನೆ.

ಆಗ ನಾನು ಬಳ್ಳಾರಿಯಲ್ಲಿ ಎಂ.ಎ. ಎರಡನೇ ವರ್ಷದಲ್ಲಿದ್ದೆ. ಮಣಿ ಚುಚ್ಚಿದ ಅಂಗಡಿ ಜೀನ್ಸ್ ಬಟ್ಟೆ ಮಾರುವ ಅಂಗಡಿಯೊಂದರ ಮಾಳಿಗೆಯ ಮೇಲಿತ್ತು. ಮುಖ್ಯವಾಗಿ ಹಚ್ಚೆ ಹಾಕುತ್ತಿದ್ದರು, ಕೇಳಿದರೆ ಚುಚ್ಚಿಯೂ ಕೊಡುತ್ತಿದ್ದರು. ಗೆಳತಿ ಹುಬ್ಬಿಗೆ ಚುಚ್ಚಿಸಿಕೊಳ್ಳಲು ಹೋಗಿದ್ದಳು, ನಾನು ಅವಳ ಜೊತೆಗೆ ಹೋಗಿದ್ದೆ. ಸೂಜಿ ನೋಡಿ ಅವಳು ಬೇಡ ಎಂದಳು. ನಾನು ಕುರ್ಚಿಯಲ್ಲಿ ಕೂತೆ. ಕೈಗವಸು ಹಾಕಿಕೊಂಡವನು ಇಕ್ಕಳದಲ್ಲಿ ನನ್ನ ನಾಲಿಗೆ ಹಿಡಿದದ್ದು ನೆನಪಿದೆ, ಕೆಳಗೆ ಬೀದಿಯಲ್ಲಿ ಆಟೊ ಒಂದು ಬಿಡದೆ ಹಾರ್ನ್ ಹೊಡೆದದ್ದು ನೆನಪಿದೆ. ನಾಲಿಗೆಗೇ ಯಾಕೆ ಎಂದು ಯಾರಾದರೂ ಕೇಳಿದರೆ, ಬಾಯಿ ಮುಚ್ಚಿದರೆ ಕಾಣುವುದಿಲ್ಲ ಎನ್ನುವುದೊಂದೇ ಉತ್ತರ ಈಗ ತೋಚುತ್ತದೆ. ಕ್ಲಾರಿನೆಟ್ ಊದುವವಳಿಗೆ ನಾಲಿಗೆಯಿಂದ ಏನೇನು ಆಗಬೇಕು ಎನ್ನುವುದು ಆ ಹೊತ್ತಿಗೆ ಹೊಳೆದಿತ್ತೋ ಇಲ್ಲವೋ ಹೇಳಲಾರೆ.

ಕ್ಲಾರಿನೆಟ್ ಕಲಿಸಿದವನು ಮಾಮ, ಅಂದರೆ ಅವ್ವನ ಅಣ್ಣ. ನಮ್ಮ ಮನೆ ಸಿರುಗುಪ್ಪದಲ್ಲಿ, ಅವನದು ಕುರುಗೋಡಿನಲ್ಲಿ. ಅವನ ತಂದೆ, ನನ್ನ ಅಜ್ಜ, ಸನ್ನಾಯಿ ಊದುತ್ತಿದ್ದವರು. ಸುತ್ತಲಿನ ಹಳ್ಳಿಗಳಲ್ಲಿ ಅವರನ್ನು ಎಲ್ಲರೂ 'ದೊಡ್ಡವರು' ಎನ್ನುತ್ತಿದ್ದರು. ಮಾಮನ ಕಾಲಕ್ಕೆ ಸನ್ನಾಯಿ ಹೋಗಿ ಕ್ಲಾರಿನೆಟ್ ಬಂತು. ಮದುವೆ ಮನೆಯಲ್ಲಿ ಚಾಪೆಯ ಮೇಲೆ ಕೂತು ನುಡಿಸುವ ನಾಲ್ಕು ಜನರ ಮೇಳ ಅವನದು: ಕ್ಲಾರಿನೆಟ್, ಡೋಲು, ತಾಳ, ಶ್ರುತಿಪೆಟ್ಟಿಗೆ. ಡೋಲು ಬಾರಿಸುವ ಕಾಕಾ ದೊಡ್ಡವರ ಜೊತೆಗೂ ಬಾರಿಸಿದವನು. ಮೇಳದಲ್ಲಿ ಯಾರು ಇರಬೇಕು, ಯಾರು ಇರಬಾರದು ಎನ್ನುವ ಮಾತು ಬಂದರೆ ಅವನ ಮಾತೇ ನಡೆಯುತ್ತಿತ್ತು.

ಆ ವರ್ಷ ಮಾಮನ ಮೇಲಿನ ಸಾಲಿನ ಎರಡು ಮುಂದಿನ ಹಲ್ಲು ಅಲುಗಾಡತೊಡಗಿದವು. ಕ್ಲಾರಿನೆಟ್ಟಿನ ಮೂತಿ ಆನಿಕೊಳ್ಳುವುದು ಆ ಹಲ್ಲುಗಳಿಗೇ. ಬಳ್ಳಾರಿಯ ಡಾಕ್ಟರು ತೆಗೆಸಲೇಬೇಕು ಎಂದರು. ಮಾಮ ಮದುವೆಯ ದಿನಗಳು ಮುಗಿಯಲಿ ಎಂದು ಬಂದ. ಮುಂದೆ ಯಾರು ಊದುವುದು ಎನ್ನುವ ಪ್ರಶ್ನೆ ಕುರುಗೋಡಿನ ಮನೆಯ ಕಟ್ಟೆಯ ಮೇಲೆ ಎದ್ದಾಗ ನಾನು ಒಳಗೆ ಬಾಗಿಲ ಹಿಂದೆ ಇದ್ದೆ. ಇದು ಡೈರಿಯಲ್ಲಿದೆ, ಮಾತುಗಳ ಸಮೇತ.

"ನನ್ನ ತಂಗಿ ಮಗಳು ಊದ್ತಾಳ," ಎಂದ ಮಾಮ.

"ಊದ್ತಾಳ, ಯಾರ್ ಇಲ್ಲ ಅಂದ್ರು? ಮನ್ಯಾಗ," ಎಂದ ಡೋಲಿನ ಕಾಕಾ. "ಗಟ್ಟಿಮ್ಯಾಳ ಅಂದಾಗ ಮಂದಿ ನಡುವ ಉಸಿರು ಹಿಡೀಬೇಕಲ್ಲೋ? ನಡುವ ಕೈಕಾಲು ನಡುಗಿದ್ರ ನಾ ಡೋಲು ಬಾರಸ್ಲ್ಯೋ, ಆಕಿಗೆ ನೀರು ಕುಡಸ್ಲ್ಯೋ? ಆದೋನ್ಯಾಗ ಒಬ್ಬ ಅದಾನ. ಚಲೋ ಊದ್ತಾನ. ಕರಸ್ತೀನಿ."

"ಸಿರಿಗೇರಿ ಮದುವಿ ಐತಲ್ಲ ಕಾಕಾ, ಅದರಾಗ ಆಕಿ ಊದ್ಲಿ. ನಿಂಗ ಮನಸಿಗೆ ಬರಲಿಲ್ಲ ಅಂದ್ರ ಆದೋನಿಯವನ್ನ ಕರಸು. ಈ ಕ್ಲಾರಿನೆಟ್ಟೂ ಅವಗ ಕೊಟ್ಟುಬಿಡ್ತೀನಿ."

ಆ ಕ್ಲಾರಿನೆಟ್ ನನಗೆ ಬೇಕಾಗಿತ್ತು. ಹನ್ನೆರಡನೇ ವಯಸ್ಸಿನಿಂದ ರಜೆಗಳಲ್ಲಿ ನಾನು ಊದಿದ್ದು ಅದನ್ನೇ. ಅದರ ಮೂತಿಯ ಮೇಲೆ ಮಾಮನ ಎರಡು ಹಲ್ಲಿನ ಗುರುತು ಇತ್ತು, ಅದರ ಪಕ್ಕದಲ್ಲಿ ನನ್ನವೂ ಮೂಡತೊಡಗಿದ್ದವು. ಓದು ಮುಗಿದ ಮೇಲೆ ಏನು ಮಾಡುತ್ತೇನೆ ಎಂದು ಸ್ಪಷ್ಟವಿರಲಿಲ್ಲ, ಇದೊಂದು ಸ್ಪಷ್ಟವಿತ್ತು. ಸಿರಿಗೇರಿ ಮದುವೆಗೆ ಎರಡು ತಿಂಗಳಿತ್ತು. ಆ ಮಾತು ಕೇಳಿಸಿಕೊಂಡ ಒಂಬತ್ತನೇ ದಿನ ನಾನು ಹೋಗಿ ನಾಲಿಗೆ ಚುಚ್ಚಿಸಿಕೊಂಡೆ. ಎರಡಕ್ಕೂ ಸಂಬಂಧ ಇದೆ ಎಂದು ಗೆಳತಿ ಹೇಳುತ್ತಾಳೆ. ಅವಳು ಮನಶ್ಶಾಸ್ತ್ರ ಓದುತ್ತಿದ್ದಳು. ಇದ್ದರೂ ಇರಬಹುದು.

ನಾಲಿಗೆ ಊದಿಕೊಂಡಿತ್ತು. ಎರಡು ಭಾನುವಾರ ಕುರುಗೋಡಿಗೆ ಹೋಗಲಿಲ್ಲ. ಅವ್ವನಿಗೆ ಫೋನಿನಲ್ಲಿ ಬಾಯಿಹುಣ್ಣು ಎಂದೆ. ತೊದಲುತ್ತಿದ್ದುದರಿಂದ ನಂಬಿದಳು. ಮೂರನೇ ಭಾನುವಾರ ಹೋದಾಗ ಅತ್ತೆ, ಅಂದರೆ ಮಾಮನ ಹೆಂಡತಿ, ಮಂಡಕ್ಕಿ ಒಗ್ಗರಣೆ ಮಾಡಿ ಮಿರ್ಚಿ ಕರಿದಿದ್ದಳು. ನಾನು ಒಗ್ಗರಣೆಯನ್ನು ಒಂದೊಂದೇ ಕಾಳು ಎನ್ನುವಂತೆ ತಿಂದೆ, ಮಿರ್ಚಿ ಮುಟ್ಟಲಿಲ್ಲ.

"ಯಾಕವ್ವಾ, ಬಳ್ಳಾರಿಗೆ ಹೋಗಿ ಮಿರ್ಚಿ ಬಿಟ್ಟಿ? ಇನ್ನೇನ್ ಬಿಡ್ತಿ?" ಎಂದಳು ಅಜ್ಜಿ. ಮಾಮನ ಜೊತೆಗೇ ಇರುತ್ತಿದ್ದ ಆಕೆಗೆ ಕಣ್ಣು ಮಂಜು, ಉಳಿದದ್ದೆಲ್ಲ ಚುರುಕು.

"ಬಾಯಿಹುಣ್ಣು ಅಜ್ಜಿ."

"ಹುಣ್ಣಿಗೆ ಮಜ್ಜಿಗಿ ಕುಡಿ. ಸುಳ್ಳಿಗೆ ಏನು ಕುಡೀಬೇಕಂತ ನಂಗ ಗೊತ್ತಿಲ್ಲ."

ಆಕೆಗೆ ಆಗಲೇ ಗೊತ್ತಾಗಿತ್ತೇ, ಅಥವಾ ಮಾತಿಗೆ ಮಾತು ಅಂದಳೇ? ಆಮೇಲೆ ಕೇಳಿದಾಗ ಅಂಥ ಮಾತೇ ಆಡಿಲ್ಲ ಎಂದಳು.

ಇಲ್ಲಿ ಊದುವುದರ ಬಗ್ಗೆ ಸ್ವಲ್ಪ ಹೇಳಬೇಕು. ಕ್ಲಾರಿನೆಟ್ಟಿನ ಮೂತಿಗೆ ಬಿದಿರಿನ ಸೀಳಿನಂಥ ಒಂದು ತೆಳು ಪಟ್ಟಿ ಬಿಗಿದಿರುತ್ತದೆ, ಅದಕ್ಕೆ ರೀಡು ಎನ್ನುತ್ತಾರೆ. ಉಸಿರು ಬಿಟ್ಟರೆ ಅದು ಅದುರಿ ಸ್ವರ ಬರುತ್ತದೆ. ಸ್ವರಗಳನ್ನು ಬಿಡಿಬಿಡಿಯಾಗಿ ಹೇಳಬೇಕಾದರೆ ಪ್ರತಿ ಸ್ವರಕ್ಕೂ ನಾಲಿಗೆ ರೀಡನ್ನು ಮುಟ್ಟಿ ಬಿಡಬೇಕು. ಮೇಳದವರು ಇದಕ್ಕೆ ಹೊಡೆತ ಎನ್ನುತ್ತಾರೆ. ಮಾಮ ನನಗೆ ಕಲಿಸಿದ ಹೊಡೆತದಲ್ಲಿ ನಾಲಿಗೆಯ ತುದಿ ರೀಡಿಗೆ ತಾಗುತ್ತಿರಲಿಲ್ಲ. ನಾಲಿಗೆಯನ್ನು ತುಸು ಹೊರಳಿಸಿ ಎಡ ಅಂಚಿನಿಂದ ಮುಟ್ಟಬೇಕು. ಸ್ವರ ಆಗ ಸ್ವಲ್ಪ ಮೆತ್ತಗೆ, ಒದ್ದೆ ಬಟ್ಟೆ ಕೊಡವಿದ ಹಾಗೆ ಹೊರಡುತ್ತದೆ. "ದೊಡ್ಡವರ ಹೊಡತ ಇದು. ಬಳ್ಳಾರಿ ಸೀಮ್ಯಾಗ ಇನ್ನೊಬ್ಬರ ಬಾಯಾಗ ಇಲ್ಲ," ಎಂದು ಡೋಲಿನ ಕಾಕಾ ಹೊಸಬರಿಗೆಲ್ಲ ಹೇಳುತ್ತಿದ್ದ. ಹೇಳುವಾಗ ಮಾಮ ಬೇರೆ ಕಡೆ ನೋಡುತ್ತಿದ್ದ ಎಂದು ಈಗ ನೆನಪಾಗುತ್ತದೆ. ನಿಜವಾಗಿ ನೋಡುತ್ತಿದ್ದನೋ, ಆಮೇಲೆ ತಿಳಿದದ್ದರಿಂದ ಹಾಗೆ ನೆನಪಾಗುತ್ತಿದೆಯೋ ಗೊತ್ತಿಲ್ಲ.

ಬಳ್ಳಾರಿಗೆ ಬಂದ ಮೇಲೆ ನಾನು ಫೋನಿನಲ್ಲಿ ಕ್ಲಾರಿನೆಟ್ ಪಾಠದ ವಿಡಿಯೊಗಳನ್ನು ನೋಡತೊಡಗಿದ್ದೆ. ಅವುಗಳಲ್ಲಿ ಎಲ್ಲರೂ ನಾಲಿಗೆಯ ತುದಿಯಿಂದ, ರೀಡಿನ ನಟ್ಟನಡುವೆ ಮುಟ್ಟುತ್ತಿದ್ದರು. ಅಂಚಿನಿಂದ ಮುಟ್ಟುವುದು ತಪ್ಪು ಅಭ್ಯಾಸ ಎಂದು ಒಬ್ಬಾತ ಬಹಳ ಸಮಾಧಾನದಿಂದ ವಿವರಿಸಿದ್ದ. ನಾನು ಕಾಲೇಜಿನ ಬ್ಯಾಂಡಿನ ಹಳೆಯ ಕ್ಲಾರಿನೆಟ್ಟು ಹಿಡಿದು ವರ್ಷವಿಡೀ ಕೂತು ಮಾಮನ ಹೊಡೆತ ಬಿಟ್ಟು ಅದನ್ನು ರೂಢಿ ಮಾಡಿಕೊಂಡಿದ್ದೆ. ಮಾಮನಿಗೆ ಹೇಳಿರಲಿಲ್ಲ. ಸಿರಿಗೇರಿಯಲ್ಲಿ ಒಮ್ಮೆಲೇ ತೋರಿಸಬೇಕು ಎಂದುಕೊಂಡಿದ್ದೆ.

ಮೂರನೇ ಭಾನುವಾರ, ಒಗ್ಗರಣೆ ತಿಂದ ಮೇಲೆ, ಕಟ್ಟೆಯ ಮೇಲೆ ಕೂತು ಊದಿದೆ. ನಿಧಾನದ ಭಾಗದಲ್ಲಿ ಏನೂ ಆಗಲಿಲ್ಲ. ವೇಗ ಹೆಚ್ಚಾದ ಕೂಡಲೇ ನಾಲಿಗೆ ಹೊಸ ರೂಢಿಯಂತೆ ನಡುವಿಗೆ ಹೋಯಿತು, ಪ್ರತಿ ಸ್ವರದ ಹಿಂದೆ 'ಟಕ್' ಎಂಬ ಸಣ್ಣ ಸದ್ದು. ನಾಲಿಗೆಯ ನಡುವಿನ ಮಣಿ ರೀಡಿಗೆ ತಾಗುತ್ತಿತ್ತು. ನನಗೆ ತಕ್ಷಣ ತಿಳಿಯಿತು. ಮಾಮ ಕೈ ಎತ್ತಿ ನಿಲ್ಲಿಸಿದ.

"ರೀಡು ಸೀಳೈತಿ ನೋಡು," ಎಂದ.

ನೋಡಿದೆ. ತುದಿ ಕೂದಲೆಳೆಯಷ್ಟು ಮುಕ್ಕಾಗಿತ್ತು. "ಹೌದು ಮಾಮ," ಎಂದೆ.

ಹೊಸದು ಹಾಕಿದ. ಮತ್ತೆ ಟಕ್. ಅದನ್ನೂ ತೆಗೆದ. ಆ ದಿನ ಮೂರು, ಮುಂದಿನ ಭಾನುವಾರ ಎರಡು, ಹೀಗೆ ಐದು ರೀಡುಗಳನ್ನು ಅವನು ಬೆಳಕಿಗೆ ಹಿಡಿದು, ಉಗುರಿನಿಂದ ತಟ್ಟಿ, ಕೆಟ್ಟಿವೆ ಎಂದು ಬದಿಗಿಟ್ಟ. ನಾನು ಪ್ರತಿ ಸಲ "ಹೌದು ಮಾಮ" ಎಂದೆ. ಈ ಬರಹದಲ್ಲಿ ನನಗೆ ಅತ್ಯಂತ ಖಚಿತವಾಗಿ ನೆನಪಿರುವುದು ಇದು. ಡೈರಿಯಲ್ಲಿ ಇದೂ ಇಲ್ಲ.

ಸೋಮವಾರ ಮಾಮ ಬಸ್ಸು ಹತ್ತಿ ಬಳ್ಳಾರಿಗೆ ಹೋಗಿ ರೀಡು ಕೊಟ್ಟ ಅಂಗಡಿಯವನ ಜೊತೆ ಜಗಳವಾಡಿದ. ಆ ವಾರದಿಂದ ನನಗೆ ಪರೀಕ್ಷೆಗೆ ಓದಲು ಒಂದು ತಿಂಗಳು ರಜೆ ಇತ್ತು, ಕುರುಗೋಡಿನಲ್ಲೇ ಉಳಿದಿದ್ದೆ. ಮಧ್ಯಾಹ್ನ ಮೂರರ ಸುಮಾರಿಗೆ ತಿರುಗಿ ಬಂದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅಂಗಡಿಯಾವ ಐದೂ ರೀಡು ತಾನ ಊದಿ ತೋರಿಸಿದ. ಮುಕ್ಕಾಗಿದ್ದು ಒಂದು ಬಿಟ್ರ ಎಲ್ಲಾ ಚೊಕ್ಕ ಅದಾವ. 'ರೀಡು ಸರಿ ಅದಾವ್ರಿ, ಊದೋರ ಬಾಯಾಗ ಏನರ ಐತೇನ್ ನೋಡ್ರಿ' ಅಂದ. ಮಂದಿ ಮುಂದ ಅಂದ." ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ, "ಬಾಯಿ ತಗಿ," ಎಂದ.

ತೆಗೆದೆ.

"ನಾಲಿಗಿ ಹೊರಗ ಹಾಕು."

ಹಾಕಿದೆ. ಬಹಳ ಹೊತ್ತು ನೋಡಿದ. ಸಿಟ್ಟು ಬರಲಿಲ್ಲ. ಏನೋ ಲೆಕ್ಕ ಹಾಕುವವನ ಹಾಗೆ ತಲೆ ಓರೆ ಮಾಡಿ, ಮೇಲಿಂದ, ಪಕ್ಕದಿಂದ ನೋಡಿದ. ಆಮೇಲೆ ತನ್ನ ನಾಲಿಗೆಯನ್ನು ಹೊರಹಾಕಿ ಬೆರಳು ತೋರಿಸಿದ. ನಡುವಿಗಿಂತ ಸ್ವಲ್ಪ ಬಲಕ್ಕೆ, ಅಕ್ಕಿ ಕಾಳಿನಷ್ಟು ಬಿಳಿಯ ಗುಳಿ ಇತ್ತು.

ನಾವಿಬ್ಬರೂ ಹಾಗೆ ಎದುರುಬದುರು ಕೂತಿದ್ದಾಗ ಅತ್ತೆ ನೀರಿನ ತಂಬಿಗೆ ಹಿಡಿದು ಬಂದಳು. "ಏನಿದು, ಮಾಮ ಸೊಸಿ ಇಬ್ರೂ ಕಾಳಮ್ಮನಂಗ ನಾಲಿಗಿ ಚಾಚ್ಕೊಂಡು ಕುಂತೀರಿ? ನಾನೂ ಚಾಚ್ಲೇನು?"

ವಿಷಯ ಅಜ್ಜಿಗೆ ತಿಳಿಯಲು ಎರಡು ನಿಮಿಷ ಸಾಕಾಯಿತು. ಹತ್ತಿರ ಕರೆದು, ಗಲ್ಲ ಹಿಡಿದು, ಬೆರಳಿನಿಂದ ಮಣಿಯನ್ನು ಮುಟ್ಟಿ ನೋಡಿದಳು.

"ಇದನ್ನ ಯಾವ ದೇವರಿಗೆ ಹಾಕಿಸ್ಕೊಂಡಿ?"

"ಯಾವ ದೇವರಿಗೂ ಅಲ್ಲ."

"ಮತ್ತ?"

"ಸುಮ್ನ."

"ಸುಮ್ನ!" ಎಂದಳು ಅಜ್ಜಿ ಅತ್ತೆಯ ಕಡೆ ತಿರುಗಿ. "ಕೇಳಿದೇನು? ದೇವರಿಗೆ ಚುಚ್ಚಿಸ್ಕೊಂಡ್ರ ದೇವರು ಕಾಯ್ತಾನ. ಅಂಗಡ್ಯಾಗ ಚುಚ್ಚಿಸ್ಕೊಂಡ್ರ ಯಾರವ್ವಾ ಕಾಯ್ತಾರ, ಅಂಗಡಿಯಾವ?"

"ನಿನ್ನ ಮೂಗಿಗೂ ಚುಚ್ಚ್ಯಾರಲ್ಲ ಅಜ್ಜಿ, ಯಾವ ದೇವರಿಗೆ?"

"ನಾ ಮೂಗಿನಿಂದ ಊದಂಗಿಲ್ಲಲೇ."

ಅತ್ತೆ ನಕ್ಕಳು. ಮಾಮ ನಗಲಿಲ್ಲ.

ಅವನ ನಾಲಿಗೆಯ ಗುಳಿಯ ಕತೆ ಮನೆಯಲ್ಲಿ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ನಮ್ಮ ಮನೆದೇವರಿಗೆ ಹರಕೆ ಹೊತ್ತವರು ಪುರವಂತರ ಕೈಯಿಂದ ಕೆನ್ನೆಗೋ ನಾಲಿಗೆಗೋ ಸಣ್ಣ ಕಬ್ಬಿಣದ ಸರಳು ಚುಚ್ಚಿಸಿಕೊಳ್ಳುತ್ತಾರೆ. ಪುರವಂತರೆಂದರೆ ಒಡಪು ಎನ್ನುವ ಪದ್ಯ ಹೇಳುತ್ತಾ ಕುಣಿದು ಆ ದೇವರ ಸೇವೆ ಮಾಡುವವರು. ಇದಕ್ಕೆ ಶಸ್ತ್ರ ಹಾಕಿಸಿಕೊಳ್ಳುವುದು ಎಂದು ಹೆಸರು. ಸರಳು ತೆಗೆದ ಮೇಲೆ ಗಾಯಕ್ಕೆ ವಿಭೂತಿ ಒತ್ತುತ್ತಾರೆ. ಮಾಮನಿಗೆ ಐದು ವರ್ಷವಾದರೂ ಮಾತು ಬಂದಿರಲಿಲ್ಲವಂತೆ. ಮಾತು ಬಂದರೆ ಅವನು ದೊಡ್ಡವನಾದ ಮೇಲೆ ನಾಲಿಗೆಗೆ ಶಸ್ತ್ರ ಹಾಕಿಸುತ್ತೇನೆ ಎಂದು ಅಜ್ಜಿ ಬೇಡಿಕೊಂಡಳು. ಮಾತು ಬಂತು. ಅವನು ಊದುವವನಾಗುತ್ತಾನೆ ಎಂದು ಆಗ ಯಾರಿಗೂ ತೋಚಿರಲಿಲ್ಲ. ಮೇಳದಲ್ಲಿ ಕೂತು ಎರಡು ವರ್ಷವಾದ ಮೇಲೆ ಹರಕೆಯ ನೆನಪಾಯಿತು. ನಾಲಿಗೆ ಬೇಡ, ಕೆನ್ನೆಗೆ ಹಾಕಿ ಮುಗಿಸೋಣ ಎಂದು ಪುರವಂತರ ಹಿರಿಯನೇ ಹೇಳಿದನಂತೆ. ನಾಲಿಗೆಗೆ ಬೇಡಿಕೊಂಡದ್ದು ಕೆನ್ನೆಗೆ ಸಲ್ಲುವುದಿಲ್ಲ ಎಂದು ಅಜ್ಜಿ ಪಟ್ಟು ಹಿಡಿದಳು.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ಬಹಳ ವರ್ಷ ನಂಬಿದ್ದೆ. ಯಾರದೋ ಹೆಗಲ ಮೇಲೆ ಕೂತು ನೋಡುತ್ತಿದ್ದೇನೆ, ಮಾಮನ ನಾಲಿಗೆಯಲ್ಲಿ ಸರಳು, ಸರಳಿನ ಎರಡೂ ತುದಿಗೆ ನಿಂಬೆಹಣ್ಣು. ಚಿತ್ರ ಇಂದಿಗೂ ಸ್ಪಷ್ಟವಾಗಿದೆ. "ನೀ ಆಗ ಹುಟ್ಟೇ ಇರಲಿಲ್ಲ, ನಂದು ಮದುವಿನೂ ಆಗಿರಲಿಲ್ಲ," ಎನ್ನುತ್ತಾಳೆ ಅವ್ವ. ಬೇರೆ ಯಾರದೋ ನಾಲಿಗೆಗೆ ಮಾಮನ ಮುಖ ಅಂಟಿಸಿಕೊಂಡಿರಬೇಕು.

ನನಗೆ ಗೊತ್ತಿಲ್ಲದಿದ್ದ ಭಾಗವನ್ನು ಮಾಮ ಮರುದಿನ ಬೆಳಿಗ್ಗೆ, ನನ್ನನ್ನು ಸಿರುಗುಪ್ಪದ ಬಸ್ಸಿಗೆ ಹತ್ತಿಸಲು ಬಂದಾಗ, ನಿಲ್ದಾಣದ ಕಟ್ಟೆಯ ಮೇಲೆ ಹೇಳಿದ.

"ಶಸ್ತ್ರ ತಗದು ಹನ್ನೊಂದು ದಿನಕ್ಕ ಒಂದು ಮದುವಿ ಇತ್ತು. ಒಪ್ಕೊಂಡಿದ್ದೆ. ನಾಲಿಗಿ ಬಾತಿತ್ತು. ತುದಿ ರೀಡಿಗೆ ತಾಗಿದ್ರ ಜೀವಾನ ಹೋದಂಗ ಆಗ್ತಿತ್ತು. ಬಲಕ್ಕ ಗಾಯ, ಅದಕ್ಕ ಎಡಕ್ಕ ಹೊಳ್ಳಿಸಿ ಅಂಚಿನಿಂದ ಊದಿದೆ. ಆಮ್ಯಾಲ ಗಾಯ ಮಾಯ್ತು. ನಾಲಿಗಿ ಹಿಂದಕ ಹೋಗಲಿಲ್ಲ."

"ಅಂದ್ರ ಅದು ಅಜ್ಜನ ಹೊಡತ ಅಲ್ಲ?"

"ಅಪ್ಪ ಊದಿದ್ದು ಸನ್ನಾಯಿ. ಆ ಹೊಡತಾನ ಬ್ಯಾರೆ. ಕಾಕಾನ ಒಂದಿನ ಮಂದಿ ಮುಂದ 'ದೊಡ್ಡವರ ಹೊಡತ' ಅಂದ. ನಾ ಸುಮ್ನಿದ್ದೆ. ಒಮ್ಮಿ ಸುಮ್ನಿದ್ದ ಮ್ಯಾಲ ಮುಂದ ಹೆಂಗ ಹೇಳ್ಲಿ?"

"ನಂಗೂ ಹೇಳಲಿಲ್ಲ. ಗಾಯಕ್ಕ ಆದದ್ದನ್ನ ಪಾಠ ಅಂತ ಕಲಿಸಿದಿ."

"ಕಲಿಸ್ದೆ. ನಂಗ ಬ್ಯಾರೆ ಬರತಿರಲಿಲ್ಲಲೇ." ಬಸ್ಸು ಬಂತು. "ಮಣಿ ತಗೀತಿಯೋ ಬಿಡ್ತಿಯೋ, ನಿನ್ನ ಬಾಯಿ. ನಂಗ ಹೇಳೂ ಅಧಿಕಾರ ಇಲ್ಲ. ಆದ್ರ ಸಿರಿಗೇರ್ಯಾಗ ಟಕ್ ಅಂದ್ರ ಕಾಕಾಗ ಕೇಳಸ್ತೈತಿ. ಅವ ಡೋಲಿನ ಸಪ್ಪಳದಾಗೂ ಕೇಳಸ್ಕೊಂತಾನ."

ಬಸ್ಸಿನಲ್ಲಿ ಕೂತು ನಾನು ಬಾಯಿ ಮುಚ್ಚಿಕೊಂಡೇ ನಾಲಿಗೆಯನ್ನು ಎಡಕ್ಕೆ ಹೊರಳಿಸಿ ನೋಡಿದೆ. ಅಂಚು ಮೇಲೆ ಬಂತು, ಮಣಿ ಬಲಕ್ಕೆ ಸರಿದು ದವಡೆಯ ಹಲ್ಲಿಗೆ ತಾಗಿ ನಿಂತಿತು. ದಾರಿಯಿಂದ ಸರಿದು ನಿಂತಿತು ಎಂದರೂ ಸರಿ. ಮಾಮನ ಹೊಡೆತದಲ್ಲಿ ಮಣಿಗೆ ಜಾಗವಿತ್ತು. ನಾನು ವರ್ಷವಿಡೀ ಕೂತು ತಿದ್ದಿಕೊಂಡ ಸರಿಯಾದ ಹೊಡೆತದಲ್ಲಿ ಇರಲಿಲ್ಲ. ಈ ಯೋಚನೆ ಅಲ್ಲೇ ಬಸ್ಸಿನಲ್ಲೇ ಬಂತು ಎಂದು ಬರೆಯುತ್ತಿದ್ದೇನೆ, ಆದರೆ ಇಷ್ಟು ಅಚ್ಚುಕಟ್ಟಾಗಿ ಬಂದಿರಲಾರದು.

ಉಳಿದ ನಾಲ್ಕು ವಾರ ಸಿರುಗುಪ್ಪದಲ್ಲಿದ್ದೆ. ಸಿರಿಗೇರಿಗೆ ಮುಂಚೆ ಮೇಳಕ್ಕೆ ಬೇರೆ ಮದುವೆ ಇರಲಿಲ್ಲವಾದ್ದರಿಂದ ಮಾಮ ಕ್ಲಾರಿನೆಟ್ಟನ್ನು ನನ್ನ ಜೊತೆಗೇ ಕಳಿಸಿದ್ದ. ಮನೆಯಲ್ಲಿ ಊದಿದರೆ ಪಕ್ಕದ ಮನೆಯ ಕೂಸು ಏಳುತ್ತದೆ ಎಂದು ಬೆಳಿಗ್ಗೆ ಅವ್ವನ ಜೊತೆ ಕೆಂಚನಗುಡ್ಡಕ್ಕೆ ಹೋಗಿ ಹೊಳೆಯ ದಂಡೆಯಲ್ಲಿ ಕೂತು ಊದುತ್ತಿದ್ದೆ. ಅವ್ವನಿಗೆ ಅಷ್ಟರಲ್ಲಿ ಅಜ್ಜಿಯಿಂದ ಫೋನು ಬಂದಿತ್ತು. ಆಕೆ ಮೊದಲನೇ ದಿನ ಒಂದೇ ಮಾತು ಕೇಳಿದಳು: "ಬಾಯಿಹುಣ್ಣು ಅಂದಿದ್ದಕ್ಕ ಸಬ್ಬಕ್ಕಿ ಗಂಜಿ ಹೆಂಗ ಮಾಡೂದಂತ ಹಾಸ್ಟೆಲಿಗೆ ಫೋನ್ ಮಾಡಿ ಅಡಿಗಿಯಾಕಿಗೆ ಹೇಳಿದ್ದೆ. ಆಕಿ ಮಾಡಿಕೊಟ್ಟಳೇನು?" ಮಾಡಿಕೊಟ್ಟಿದ್ದಳು. ದಿನಾ ತಿಂದಿದ್ದೆ. ಆ ಗಂಜಿ ಎಲ್ಲಿಂದ ಬರುತ್ತಿದೆ ಎಂದು ಕೇಳಿರಲಿಲ್ಲ.

ಬಿಟ್ಟ ಹೊಡೆತವನ್ನು ಮತ್ತೆ ಹಿಡಿಯುವುದು ಹೊಸದನ್ನು ಕಲಿಯುವುದಕ್ಕಿಂತ ಕಷ್ಟವಾಯಿತು. ನಾಲಿಗೆ ನಡುವಿಗೇ ಓಡುತ್ತಿತ್ತು, ಟಕ್ ಎನ್ನುತ್ತಿತ್ತು. ಒಂದು ರೀತಿಯಲ್ಲಿ ಮಣಿಯೇ ಕಲಿಸಿತು. ತಪ್ಪಿದಾಗಲೆಲ್ಲ ಸದ್ದು ಮಾಡಿ ಹೇಳುತ್ತಿತ್ತು. ಹದಿನೈದು ದಿನಕ್ಕೆ ಸದ್ದು ಕಡಿಮೆಯಾಯಿತು. ಇಪ್ಪತ್ತು ದಿನಕ್ಕೆ ಅವ್ವ, ಕಾಲು ನೀರಿಗೆ ಇಳಿಬಿಟ್ಟು ಕೂತವಳು, "ಇವತ್ತು ನಿಮ್ಮ ಮಾಮನ ಥರಾನ ಕೇಳಸ್ತು," ಎಂದಳು.

ಸಿರಿಗೇರಿಯ ಮದುವೆ ಮನೆಯಲ್ಲಿ ಚಪ್ಪರದ ಬಲಗಡೆ ನಮಗೆ ಚಾಪೆ ಹಾಸಿದ್ದರು. ಮಾಮ ಶ್ರುತಿಪೆಟ್ಟಿಗೆಯ ಮುಂದೆ ಕೂತ, ನಾನು ಅವನ ಜಾಗದಲ್ಲಿ. ಹೆಣ್ಣಿನ ಕಡೆಯ ಹೆಂಗಸೊಬ್ಬಳು ಬಂದು, "ಊದೋರು ಇನ್ನಾ ಬಂದಿಲ್ಲೇನ್ರಿ?" ಎಂದು ಕೇಳಿದಳು. ಕ್ಲಾರಿನೆಟ್ ನನ್ನ ತೊಡೆಯ ಮೇಲಿತ್ತು. "ಬಂದಾರ, ಉಸಿರು ತಗೊಳಾಕತ್ತಾರ," ಎಂದ ಡೋಲಿನ ಕಾಕಾ, ನನ್ನ ಕಡೆ ನೋಡದೆ.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಆ ದಿನ ಮಣಿ ನನ್ನ ನಾಲಿಗೆಯಲ್ಲಿ ಇತ್ತು ಎಂದು ನಾನು ಹೇಳುತ್ತೇನೆ. ಗಟ್ಟಿಮೇಳ ಎಂದು ಪುರೋಹಿತರು ಕೂಗಿದಾಗ ನಾನು ಎದೆಯ ತುಂಬ ಉಸಿರು ತೆಗೆದುಕೊಂಡದ್ದು, ನಾಲಿಗೆ ತಾನೇ ಎಡಕ್ಕೆ ಹೊರಳಿದ್ದು, ಮಣಿ ದವಡೆಗೆ ತಾಗಿ ತಣ್ಣಗೆ ನಿಂತದ್ದು, ಎಲ್ಲ ಗೊತ್ತಿದೆ. ಅವ್ವ ಬೇರೆ ಹೇಳುತ್ತಾಳೆ. ಬೆಳಿಗ್ಗೆ ಹೊರಡುವ ಮುಂಚೆ ನಾನೇ ಅದನ್ನು ಬಿಚ್ಚಿ ಆಕೆಯ ಕೈಗೆ ಕೊಟ್ಟೆನಂತೆ. ಆಕೆ ಸೀರೆಯ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಊಟದ ಪಂಕ್ತಿಯಲ್ಲೂ ಆ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳಂತೆ. ಮದುವೆಯ ವಿಡಿಯೊ ತರಿಸಿ ನೋಡಿದ್ದೇನೆ. ಅದರಲ್ಲಿ ನಾನು ಇಪ್ಪತ್ತು ಸೆಕೆಂಡು ಇದ್ದೇನೆ, ಬಾಯಿ ಕ್ಲಾರಿನೆಟ್ಟಿನ ಸುತ್ತ ಮುಚ್ಚಿದೆ. ಸದ್ದಿನಲ್ಲಿ ಡೋಲು ಮಾತ್ರ ಕೇಳುತ್ತದೆ.

ಎರಡೂ ಹೊಂದುವುದಿಲ್ಲ. ಅವ್ವ ಸುಳ್ಳು ಹೇಳುವವಳಲ್ಲ. ಗಂಟನ್ನು ಮುಟ್ಟಿಕೊಂಡ ಬೆರಳಿನ ನೆನಪನ್ನು ಸುಲಭಕ್ಕೆ ಯಾರೂ ಕಟ್ಟಲಾರರು. ಹಾಗೆಯೇ ದವಡೆಗೆ ತಾಗಿದ ಲೋಹದ ನೆನಪನ್ನೂ.

ಗಟ್ಟಿಮೇಳ ಮುಗಿದು, ಅಕ್ಕಿಕಾಳು ಬಿದ್ದು, ಜನ ಊಟದ ಕಡೆ ಸರಿದ ಮೇಲೆ ಕಾಕಾ ಡೋಲಿನ ಪಟ್ಟಿ ಸಡಿಲಿಸಿದ. ಮಾಮ ಅವನ ಮುಖ ನೋಡುತ್ತಿದ್ದ, ನಾನೂ ನೋಡುತ್ತಿದ್ದೆ. ಕಾಕಾ ಎಲೆಯಡಿಕೆ ಬಾಯಿಗೆ ಹಾಕಿಕೊಂಡು, ಅಗಿದು, ನಿಧಾನಕ್ಕೆ ಹೇಳಿದ:

"ಉಸಿರು ಇನ್ನಾ ಸಣ್ಣದೈತಿ, ಬೆಳೀತೈತಿ. ಆದ್ರ ಹೊಡತ ದೊಡ್ಡವರದ ಐತಿ ನೋಡೋ. ಆದೋನಿಯವನ ಬಾಯಾಗ ಇದು ಎಲ್ಲಿಂದ ಬರಬೇಕು?"

ಮಾಮ ಬೇರೆ ಕಡೆ ನೋಡಿದ. ಈ ಸಲ ನಾನು ನೋಡಿದ್ದು ಖಂಡಿತ. ಯಾಕೆಂದರೆ ನಾನೂ ಬೇರೆ ಕಡೆ ನೋಡಲು ತಿರುಗಿದೆ, ಇಬ್ಬರೂ ಒಂದೇ ಕಡೆ, ಕೈ ತೊಳೆಯಲು ಇಟ್ಟಿದ್ದ ನೀರಿನ ಡ್ರಮ್ಮಿನ ಕಡೆ ನೋಡುತ್ತಿದ್ದೆವು.

ಮುಂದಿನ ತಿಂಗಳು ಮಾಮ ಹಲ್ಲು ತೆಗೆಸಿದ. ಕ್ಲಾರಿನೆಟ್ ನನ್ನ ಬಳಿಗೆ ಬಂತು. ಮಣಿಯನ್ನು ನಾನು ಯಾವಾಗ ಪೂರ್ತಿ ತೆಗೆದೆ ಎಂದು ಡೈರಿಯಲ್ಲಿಲ್ಲ. ನಾಲಿಗೆಯ ತೂತು ಬೇಗ ಮುಚ್ಚಿಕೊಳ್ಳುತ್ತದೆ, ಮೇಲೆ ಒಂದು ಚುಕ್ಕೆ ಉಳಿಯುತ್ತದೆ, ಅಷ್ಟೆ. ಮಣಿ ಈಗ ರೀಡಿನ ಡಬ್ಬಿಯಲ್ಲಿ ಇದೆ. ಅವ್ವನ ಸೆರಗಿನಿಂದ ಅಲ್ಲಿಗೆ ಬಂತೋ, ನನ್ನ ಬಾಯಿಯಿಂದ ಬಂತೋ ಎಂದು ಕೇಳುವುದನ್ನು ಬಿಟ್ಟಿದ್ದೇನೆ.

ಬಳ್ಳಾರಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ, ಮದುವೆಯ ದಿನಗಳಲ್ಲಿ ಮೇಳಕ್ಕೆ ಹೋಗುತ್ತೇನೆ. ಕಾಕಾ ತೀರಿಕೊಂಡು ಎರಡು ವರ್ಷವಾಯಿತು. ಹೋದ ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡುವ, ನನಗಿಂತ ಹಿರಿಯರಾದ ಒಬ್ಬರು ಕ್ಲಾರಿನೆಟ್ ಕಲಿಸಿಕೊಡಿ ಎಂದು ಬಂದರು. ಮೊದಲು ಫೋನಿನಲ್ಲಿ ನೋಡಿ ಸ್ವಲ್ಪ ಕಲಿತಿದ್ದರು. ಅವರ ನಾಲಿಗೆ ರೀಡಿನ ನಟ್ಟನಡುವೆ ಮುಟ್ಟುತ್ತಿತ್ತು. ಸ್ವರ ಸ್ವಚ್ಛವಾಗಿತ್ತು, ತಪ್ಪೇನೂ ಇರಲಿಲ್ಲ.

"ನಾಲಿಗೆ ಸ್ವಲ್ಪ ಎಡಕ್ಕೆ ಹೊರಳಿಸಿ ಅಂಚಿನಿಂದ ಮುಟ್ಟಿ ನೋಡಿ," ಎಂದೆ.

"ಯಾಕ್ರೀ ಮೇಡಂ? ನಡುವ ಮುಟ್ಬೇಕಂತ ಹೇಳ್ತಾರಲ್ಲ?"

ಹೇಳಬಹುದಾಗಿತ್ತು. ಹರಕೆ, ಸರಳು, ಹನ್ನೊಂದನೇ ದಿನದ ಮದುವೆ, ಹೊಳೆಯ ದಂಡೆ, ಎಲ್ಲ ನಾಲಿಗೆಯ ಮೇಲೇ ಇತ್ತು.

"ಕುರುಗೋಡಿನ ದೊಡ್ಡವರ ಹೊಡೆತ ಇದು," ಎಂದೆ. "ಈ ಸೀಮೆಯಲ್ಲಿ ಬೇರೆಯವರ ಹತ್ತಿರ ಇಲ್ಲ."

ಅವರು ಗೌರವದಿಂದ ತಲೆಯಾಡಿಸಿ ನಾಲಿಗೆಯನ್ನು ಎಡಕ್ಕೆ ಹೊರಳಿಸಿದರು. ಮೊದಲ ಸಲ ಗಾಳಿ ಮಾತ್ರ ಬಂತು. ಎರಡನೇ ಸಲಕ್ಕೆ ಸ್ವರ ಬಂತು, ಮಂಕಾಗಿ, ಸ್ವಲ್ಪ ಒದ್ದೆಯಾಗಿ.

"ಇನ್ನೊಮ್ಮೆ," ಎಂದೆ.